ಲಿಗ್ನಿನ್ ಎಂಬ ಬೆರಕೆ ಮತ್ತು ಅದನ್ನು ಬಿಡಿಸುವ ದ್ರಾವಕಗಳು

ಮರವು ನೆಟ್ಟಗೆ ನಿಲ್ಲುವುದಕ್ಕೆ, ಕೊಂಬೆಗಳ ಭಾರವನ್ನು ತಾಳುವುದಕ್ಕೆ, ಬೇರು ಹೀರಿದ ನೀರನ್ನು ದಾರಿಯಲ್ಲಿ ಸೋರಗೊಡದೆ ತುದಿಯ ಎಲೆಯವರೆಗೆ ಒಯ್ಯುವುದಕ್ಕೆ ಎರಡು ಬಗೆಯ ವಸ್ತುಗಳು ಅದರ ಕೋಶಗಳ ಗೋಡೆಯಲ್ಲಿ ಜೊತೆಗೂಡಿ ದುಡಿಯುತ್ತವೆ. ಒಂದು, ಉದ್ದನೆಯ ನಾರಿನ ಎಳೆಗಳಾಗಿ ಹಾಸುಗೊಂಡಿರುವ ಸೆಲ್ಯುಲೋಸ್. ಇನ್ನೊಂದು, ಆ ಎಳೆಗಳ ಸಂದುಗಳನ್ನು ತುಂಬಿ ಅವನ್ನು ಬಿಗಿಯಾಗಿ ಹಿಡಿದಿಡುವ ಲಿಗ್ನಿನ್. ಬಿದಿರಿನ ತಟ್ಟಿಗೆ ಮಣ್ಣು ಮೆತ್ತಿ ಕಟ್ಟಿದ ಗೋಡೆಯನ್ನು ಹೆಗ್ಗಡದೇವನಕೋಟೆಯ ಕಾಡಂಚಿನ ಹಾಡಿಗಳಲ್ಲಿ ನೋಡಿದವರಿಗೆ ಈ ಏರ್ಪಾಟು ಸುಲಭವಾಗಿ ಅರ್ಥವಾಗುತ್ತದೆ: ತಟ್ಟಿಯ ಕೆಲಸ ಸೆಲ್ಯುಲೋಸಿನದು, ಮೆತ್ತಿದ ಮಣ್ಣಿನ ಕೆಲಸ ಲಿಗ್ನಿನ್ನಿನದು. ಮರ ಎಂಬ ಅರ್ಥದ ಲ್ಯಾಟಿನ್ ಪದದಿಂದ ಹುಟ್ಟಿದ ಲಿಗ್ನಿನ್ ಎಂಬ ಹೆಸರು 19ನೇ ಶತಮಾನದ ಆರಂಭದಲ್ಲಿ ಸ್ವಿಟ್ಜರ್ಲೆಂಡಿನ ಸಸ್ಯವಿಜ್ಞಾನಿ ಡಿ ಕಾಂಡೋಲ್ ಅವರಿಂದ ಬಂದಿತು. 1838ರಲ್ಲಿ ಫ್ರಾನ್ಸಿನ ಆನ್ಸೆಲ್ಮ್ ಪಾಯೆನ್ ಅವರು ಮರದಿಂದ ಸೆಲ್ಯುಲೋಸನ್ನು ಬೇರ್ಪಡಿಸಿ ತೋರಿಸಿದಾಗ, ಅದರ ಸುತ್ತ ಹೊದಿಕೆಯಂತೆ ಕೂತಿದ್ದ ಇನ್ನೊಂದು ವಸ್ತು ಇದೆಯೆಂಬುದು ಪ್ರಯೋಗದಿಂದಲೇ ಸ್ಪಷ್ಟವಾಯಿತು.

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ತಾಲ್ಲೂಕುಗಳ ಹೊಲಗಳ ಅಂಚಿನಲ್ಲಿ ಬೆಳೆಯುವ ನೀಲಗಿರಿಯಂಥ ಅಗಲ ಎಲೆಯ ಮರಗಳ ಒಣತೂಕದಲ್ಲಿ ಸಾಮಾನ್ಯವಾಗಿ ಐದನೆಯ ಒಂದು ಪಾಲಿನಿಂದ ನಾಲ್ಕನೆಯ ಒಂದು ಪಾಲಿನಷ್ಟು ಲಿಗ್ನಿನ್ ಇರುತ್ತದೆ. ಪೈನ್, ಸ್ಪ್ರೂಸ್ ಮೊದಲಾದ ಸೂಜಿ ಎಲೆಯ ಮರಗಳಲ್ಲಿ ಅದು ಶೇಕಡಾ 25ರಿಂದ 35ರವರೆಗೂ ಹೋಗುತ್ತದೆ. ತೆಂಗಿನ ಸಿಪ್ಪೆ ಇನ್ನೂ ಶ್ರೀಮಂತ. ಲಿಗ್ನಿನ್ ಎಲ್ಲಿದೆ ಎಂಬುದನ್ನು ಕಣ್ಣಿಗೆ ಕಾಣಿಸುವ ಪರೀಕ್ಷೆಯೊಂದನ್ನು ಸಸ್ಯಶಾಸ್ತ್ರದ ವಿದ್ಯಾರ್ಥಿಗಳು ಕಾಲೇಜಿನಲ್ಲಿಯೇ ಮಾಡುತ್ತಾರೆ. ಫ್ಲೋರೋಗ್ಲುಸಿನಾಲ್ ಎಂಬ ರಾಸಾಯನಿಕವನ್ನು ಹೈಡ್ರೋಕ್ಲೋರಿಕ್ ಆಮ್ಲದೊಂದಿಗೆ ಬೆರೆಸಿ ಕಾಂಡದ ತೆಳುವಾದ ಬಿಲ್ಲೆಯ ಮೇಲೆ ಒಂದು ಹನಿ ಬಿಟ್ಟರೆ, ನೀರು ಸಾಗಿಸುವ ಕೊಳವೆಗಳ ಗೋಡೆಗಳಂಥ ಲಿಗ್ನಿನ್ ಇರುವ ಭಾಗಗಳು ಮಾತ್ರ ಕೆಂಪು ನೇರಳೆ ಬಣ್ಣಕ್ಕೆ ತಿರುಗಿ ಉಳಿದ ಭಾಗ ಹಾಗೆಯೇ ಉಳಿಯುತ್ತದೆ. ಅದೇ ಹನಿಯನ್ನು ದಿನಪತ್ರಿಕೆಯ ಕಾಗದದ ಮೇಲೆ ಬಿಟ್ಟರೂ ಕೆಂಪಾಗುತ್ತದೆ, ಒಳ್ಳೆಯ ಬರವಣಿಗೆಯ ಕಾಗದದ ಮೇಲೆ ಬಿಟ್ಟರೆ ಆಗುವುದಿಲ್ಲ; ಪತ್ರಿಕೆಯ ಕಾಗದದಲ್ಲಿ ಲಿಗ್ನಿನ್ ಉಳಿದಿರುತ್ತದೆ, ಬಿಸಿಲಿಗೆ ಇಟ್ಟ ಹಳೆಯ ಪತ್ರಿಕೆ ಹಳದಿಯಾಗುವುದಕ್ಕೂ ಅದೇ ಕಾರಣ.

ರಚನೆಯ ದೃಷ್ಟಿಯಿಂದ ಲಿಗ್ನಿನ್ ಒಂದು ಪಾಲಿಮರ್, ಅಂದರೆ ಸಣ್ಣ ಅಣುಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡು ಆದ ದೊಡ್ಡ ಅಣು. ಆದರೆ ಸೆಲ್ಯುಲೋಸಿನಲ್ಲಿ ಒಂದೇ ಬಗೆಯ ಗ್ಲೂಕೋಸ್ ಘಟಕ ಒಂದೇ ರೀತಿಯ ಕೊಂಡಿಯಿಂದ ಪೋಣಿಸಿದ ಸರದಂತೆ ಸಾಗಿದರೆ, ಲಿಗ್ನಿನ್ನಿನಲ್ಲಿ ಮೂರು ಬಗೆಯ ಘಟಕಗಳು ಹಲವು ಬಗೆಯ ಕೊಂಡಿಗಳಿಂದ, ಗೊತ್ತಾದ ಕ್ರಮವಿಲ್ಲದೆ, ಅಲ್ಲಲ್ಲಿ ಕವಲೊಡೆಯುತ್ತ ಸೇರಿಕೊಂಡಿರುತ್ತವೆ. ಈ ಮೂರೂ ಘಟಕಗಳಲ್ಲಿ ಒಂದೊಂದು ಬೆಂಜೀನ್ ಉಂಗುರವಿರುತ್ತದೆ. ಉಂಗುರಕ್ಕೆ ಅಂಟಿಕೊಂಡ ಮೀಥಾಕ್ಸಿಲ್ ಎಂಬ ಸಣ್ಣ ಗುಂಪು ಒಂದರಲ್ಲಿ ಇಲ್ಲ, ಇನ್ನೊಂದರಲ್ಲಿ ಒಂದಿದೆ, ಮತ್ತೊಂದರಲ್ಲಿ ಎರಡಿವೆ. ಸೂಜಿ ಎಲೆಯ ಮರಗಳಲ್ಲಿ ಬಹುತೇಕ ಒಂದು ಮೀಥಾಕ್ಸಿಲ್ ಇರುವ ಘಟಕವೇ ತುಂಬಿರುತ್ತದೆ, ನೀಲಗಿರಿಯಂಥ ಮರಗಳಲ್ಲಿ ಒಂದಿರುವುದೂ ಎರಡಿರುವುದೂ ಸೇರಿರುತ್ತವೆ, ಬಿದಿರು ಮತ್ತು ಕಬ್ಬಿನಂಥ ಹುಲ್ಲಿನ ಜಾತಿಗಳಲ್ಲಿ ಮೂರೂ ಕಾಣಸಿಗುತ್ತವೆ. ಘಟಕಗಳನ್ನು ಜೋಡಿಸುವ ಕೊಂಡಿಗಳಲ್ಲಿ ಅರ್ಧದಷ್ಟು ಅಥವಾ ಅದಕ್ಕಿಂತ ಹೆಚ್ಚು ಆಮ್ಲಜನಕದ ಪರಮಾಣುವಿನ ಮೂಲಕ ಹಾಯುವ ಈಥರ್ ಬಂಧಗಳು. ಇವು ತುಸು ಸುಲಭವಾಗಿ ಮುರಿಯುತ್ತವೆ. ಉಳಿದವುಗಳಲ್ಲಿ ಇಂಗಾಲಕ್ಕೆ ಇಂಗಾಲವೇ ನೇರವಾಗಿ ಬೆಸೆದ ಬಂಧಗಳು ಹಟಮಾರಿ.

ಹೊಗೆಸೊಪ್ಪು ಬೇಯಿಸುವ ಕಾಲದಲ್ಲಿ ಹುಣಸೂರು, ಪಿರಿಯಾಪಟ್ಟಣಗಳ ಹಳ್ಳಿಗಳ ಮೇಲೆ ತೇಲುವ ಸೌದೆ ಹೊಗೆಯ ವಾಸನೆಯೂ ಬಹುಮಟ್ಟಿಗೆ ಲಿಗ್ನಿನ್ನಿನದೇ. ಸೊಪ್ಪು ಬೇಯಿಸುವ ಮನೆಯಾದ ಬ್ಯಾರನ್ನಿನ ಒಲೆಯಲ್ಲಿ ಸೌದೆ ಉರಿಯುವಾಗ ಲಿಗ್ನಿನ್ ಬಿರಿದು ಗ್ವಾಯಕಾಲ್, ಸಿರಿಂಗಾಲ್ ಎಂಬ ಸಣ್ಣ ಅಣುಗಳು ಹೊರಬೀಳುತ್ತವೆ. ಮೊದಲನೆಯದು ಒಂದು ಮೀಥಾಕ್ಸಿಲ್ ಇರುವ ಘಟಕದ ಚೂರು, ಎರಡನೆಯದು ಎರಡಿರುವ ಘಟಕದ ಚೂರು. ಕರ್ನಾಟಕದಲ್ಲಿ ಈ ಚೂರುಗಳನ್ನು ಕೈಗಾರಿಕೆಯ ಮಟ್ಟದಲ್ಲಿ ಹಿಡಿದಿಟ್ಟ ಮೊದಲಿಗರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯವರನ್ನು ಹೆಸರಿಸಬೇಕು. 1923ರಲ್ಲಿ ಕೆಲಸ ಆರಂಭಿಸಿದ ಆ ಕಾರ್ಖಾನೆ ಅದಿರು ಕರಗಿಸುವುದಕ್ಕೆ ಇದ್ದಿಲನ್ನು ನೆಚ್ಚಿಕೊಂಡಿದ್ದುದರಿಂದ, ಮರವನ್ನು ಗಾಳಿಯಾಡದಂತೆ ಕಾಯಿಸಿ ಇದ್ದಿಲು ಮಾಡುವಾಗ ಹೊರಬರುವ ಆವಿಯನ್ನೂ ತಣಿಸಿ ಡಾಂಬರು, ಅಸಿಟೇಟ್ ಲವಣ, ಮರದ ಮದ್ಯಸಾರ ಎನಿಸಿಕೊಂಡಿದ್ದ ಮೆಥನಾಲ್ ಇವುಗಳನ್ನು ಪಡೆಯುವ ಘಟಕ ಅದಕ್ಕೆ ಹೊಂದಿಕೊಂಡೇ ಇತ್ತು. ಆ ಮೆಥನಾಲಿನ ಹೆಚ್ಚಿನ ಭಾಗದ ಮೂಲ ಲಿಗ್ನಿನ್ನಿನ ಮೀಥಾಕ್ಸಿಲ್ ಗುಂಪುಗಳು. ಅಲ್ಲಿ ಲಿಗ್ನಿನ್ ಅಣುವನ್ನು ಕಾವಿನಿಂದ ಒಡೆದು ಚೂರು ಮಾಡಲಾಗುತ್ತಿತ್ತು. ಅಣುವನ್ನು ಆದಷ್ಟು ಹಾಗೆಯೇ ಉಳಿಸಿಕೊಂಡು ಬಳಸುವ ಹಾದಿ ಕಾಗದದ ಕಾರ್ಖಾನೆಗಳ ಕಡೆಯಿಂದ ತೆರೆಯಿತು.

ಬಿಳಿಕೆರೆಯಿಂದ ಕೃಷ್ಣರಾಜನಗರ, ಭೇರ್ಯ, ಹೊಳೆನರಸೀಪುರದ ಮೂಲಕ ಹಾಸನಕ್ಕೆ ಹೋಗುವ ರಸ್ತೆಯ ಇಕ್ಕೆಲಗಳಲ್ಲಿ ಕಾಣುವ ನೀಲಗಿರಿ ತೋಪುಗಳ ಪೂರ್ವಜರು ಆಸ್ಟ್ರೇಲಿಯಾದವು. ಸುಮಾರು 1790ರಲ್ಲಿ ಟಿಪ್ಪು ಸುಲ್ತಾನನ ಕಾಲದಲ್ಲಿ ನಂದಿಬೆಟ್ಟದಲ್ಲಿ ನೆಟ್ಟ ಮರಗಳಿಂದ ಹಬ್ಬಿದ ತಳಿ ಅರಣ್ಯಶಾಸ್ತ್ರದಲ್ಲಿ ಮೈಸೂರು ಗಮ್ ಎಂದೇ ಹೆಸರಾಗಿದೆ. ಸಿಪ್ಪೆ ಸುಲಿದ ಇಂಥ ದಿಮ್ಮಿಗಳು ತಿರುಳಿನ ಕಾರ್ಖಾನೆ ಸೇರಿದ ಮೇಲೆ ಬೆರಳಗಲದ ಚಕ್ಕೆಗಳಾಗುತ್ತವೆ. ಕಾಳಿ ನದಿಯ ದಂಡೆಯ ದಾಂಡೇಲಿಯಲ್ಲಿ 1959ರಲ್ಲಿ ಉತ್ಪಾದನೆ ಆರಂಭಿಸಿದ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್‌ನಲ್ಲಾಗಲಿ, ತುಂಗಭದ್ರೆಯ ದಂಡೆಯ ಕುಮಾರಪಟ್ಟಣದಲ್ಲಿ ಬಟ್ಟೆಯ ನೂಲಿಗೆ ಬೇಕಾದ ತಿರುಳನ್ನು ತಯಾರಿಸುವ ಹರಿಹರ ಪಾಲಿಫೈಬರ್ಸ್‌ನಲ್ಲಾಗಲಿ, ಚಕ್ಕೆಗಳನ್ನು ಬೇಯಿಸುವ ವಿಧಾನ ಮೂಲದಲ್ಲಿ ಒಂದೇ. ಅದರ ಹೆಸರು ಕ್ರಾಫ್ಟ್. 1879ರಲ್ಲಿ ಅದನ್ನು ಕಂಡುಹಿಡಿದವರು ಜರ್ಮನಿಯ ಕಾರ್ಲ್ ಡಾಲ್. ಕಾಸ್ಟಿಕ್ ಸೋಡ ಮತ್ತು ಸೋಡಿಯಂ ಸಲ್ಫೈಡ್ ಬೆರೆತ ದ್ರಾವಣದಲ್ಲಿ ಚಕ್ಕೆಗಳನ್ನು ಮುಚ್ಚಿದ ಪಾತ್ರೆಯೊಳಗೆ ಒತ್ತಡದಲ್ಲಿ 160ರಿಂದ 170 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿದಾಗ ಲಿಗ್ನಿನ್ನಿನ ಈಥರ್ ಬಂಧಗಳು ಕಡಿಯುತ್ತವೆ, ಕಡಿದಲ್ಲೆಲ್ಲ ಫೀನಾಲಿಕ್ ಹೈಡ್ರಾಕ್ಸಿಲ್ ಎಂಬ ಗುಂಪು ಮೂಡುತ್ತದೆ, ಆ ಗುಂಪು ಕ್ಷಾರದೊಂದಿಗೆ ವರ್ತಿಸಿ ಚೂರುಗಳನ್ನು ನೀರಿನಲ್ಲಿ ಕರಗುವಂತೆ ಮಾಡುತ್ತದೆ. ನಾರು ಸೋಸಿ ತೆಗೆದ ಮೇಲೆ ಉಳಿಯುವ, ಕಾಫಿ ಡಿಕಾಕ್ಷನ್ನಿಗಿಂತ ಗಾಢವಾದ ದ್ರವಕ್ಕೆ ಬ್ಲ್ಯಾಕ್ ಲಿಕರ್ ಎಂದು ಹೆಸರು.

ಈ ಕಪ್ಪು ದ್ರಾವಣವನ್ನು ತ್ಯಾಜ್ಯವೆಂದು ಕರೆಯುವ ರೂಢಿ ಇದೆಯಾದರೂ ಅದು ಸರಿಯಲ್ಲ. ಆವಿಯಾಗಿಸಿ ಗಟ್ಟಿ ಮಾಡಿದ ದ್ರಾವಣವನ್ನು ರಿಕವರಿ ಬಾಯ್ಲರ್ ಎಂಬ ದೊಡ್ಡ ಕುಲುಮೆಯಲ್ಲಿ ಉರಿಸಿದಾಗ ಕಾರ್ಖಾನೆಗೆ ಬೇಕಾದ ಹಬೆಯೂ ವಿದ್ಯುತ್ತೂ ಸಿಗುತ್ತವೆ, ಬಳಸಿದ ಸೋಡಿಯಂ ಮತ್ತು ಗಂಧಕ ಕುಲುಮೆಯ ತಳದಲ್ಲಿ ಮರಳಿ ದೊರೆಯುತ್ತವೆ. 1930ರ ದಶಕದಲ್ಲಿ ಈ ಬಾಯ್ಲರ್ ರೂಪುಗೊಂಡದ್ದರಿಂದಲೇ ಕ್ರಾಫ್ಟ್ ವಿಧಾನ ಜಗತ್ತಿನ ತಿರುಳು ಉದ್ಯಮವನ್ನು ಆಳುವಂತಾಯಿತು. ಆದ್ದರಿಂದ ಕಾರ್ಖಾನೆಯ ಎಂಜಿನಿಯರನಿಗೆ ಲಿಗ್ನಿನ್ ಮೊದಲು ಸೌದೆ, ಆಮೇಲೆ ರಾಸಾಯನಿಕ. ಆದರೂ ಪ್ರಪಂಚದಾದ್ಯಂತ ವರ್ಷಕ್ಕೆ ಸುಮಾರು 5 ಕೋಟಿ ಟನ್ನಿನಷ್ಟು ಲಿಗ್ನಿನ್ ಹೀಗೆ ತಿರುಳಿನ ಕಾರ್ಖಾನೆಗಳಲ್ಲಿ ಮರದಿಂದ ಬಿಡುಗಡೆಯಾಗಿ, ಅದರಲ್ಲಿ ಬಹುಪಾಲು ಬೆಂಕಿಗೆ ಹೋಗುತ್ತಿರುವಾಗ, ಪ್ರಕೃತಿ ಇಷ್ಟು ಹೇರಳವಾಗಿ ಕೊಟ್ಟ ಬೆಂಜೀನ್ ಉಂಗುರಗಳನ್ನು ಸುಟ್ಟು, ಅದೇ ಉಂಗುರಗಳಿಗಾಗಿ ಭೂಮಿಯೊಳಗಿನ ಪೆಟ್ರೋಲಿಯಂ ತೆಗೆಯುವುದು ಎಷ್ಟು ಕಾಲ ನಡೆಯಬಲ್ಲದು ಎಂಬ ಪ್ರಶ್ನೆ ರಸಾಯನಶಾಸ್ತ್ರಜ್ಞರನ್ನು ಕಾಡದೆ ಇರಲಾರದು. ಅನೇಕ ಕಾರ್ಖಾನೆಗಳಲ್ಲಿ ಬಾಯ್ಲರೇ ಉತ್ಪಾದನೆಯ ಮಿತಿಯಾಗಿರುವುದರಿಂದ, ದ್ರಾವಣದಿಂದ ಒಂದಿಷ್ಟು ಲಿಗ್ನಿನ್ನನ್ನು ತೆಗೆದರೆ ತಿರುಳನ್ನು ಹೆಚ್ಚಿಸಲೂ ಬರುತ್ತದೆ. ಕಾರ್ಬನ್ ಡೈಆಕ್ಸೈಡ್ ಅನಿಲವನ್ನು ಹಾಯಿಸಿ ಕ್ಷಾರತೆಯನ್ನು ತಗ್ಗಿಸಿದರೆ, ಹಾಲಿಗೆ ಹುಳಿ ಬಿದ್ದಾಗ ಒಡೆಯುವಂತೆ, ಕರಗಿದ್ದ ಲಿಗ್ನಿನ್ ಗಸಿಯಾಗಿ ಬೇರ್ಪಡುತ್ತದೆ. ಅದನ್ನು ಸೋಸಿ, ಆಮ್ಲ ಬೆರೆಸಿದ ನೀರಿನಿಂದ ತೊಳೆದರೆ ಕಂದು ಪುಡಿ ಸಿಗುತ್ತದೆ. ಸ್ವೀಡನ್ನಿನಲ್ಲಿ ರೂಪುಗೊಂಡ ಲಿಗ್ನೋಬೂಸ್ಟ್ ಎಂಬ ಇಂಥ ವಿಧಾನವನ್ನು ಅಮೆರಿಕದ ನಾರ್ತ್ ಕರೋಲಿನಾದ ಪ್ಲಿಮತ್ ಕಾರ್ಖಾನೆ 2013ರಲ್ಲಿ, ಫಿನ್ಲೆಂಡಿನ ಸುನಿಲಾ ಕಾರ್ಖಾನೆ 2015ರಲ್ಲಿ ಕೈಗಾರಿಕಾ ಪ್ರಮಾಣದಲ್ಲಿ ಅಳವಡಿಸಿಕೊಂಡವು.

ಕಂದು ಪುಡಿ ಕೈಗೆ ಬಂದ ಮೇಲೆಯೇ ನಿಜವಾದ ತೊಡಕು ಕಾಣಿಸಿಕೊಳ್ಳುತ್ತದೆ. ಕುದಿಯುವ ಕ್ಷಾರ ಅಣುಗಳನ್ನು ಅಳತೆ ಹಿಡಿದು ಕತ್ತರಿಸುವುದಿಲ್ಲ. ಕೆಲವು ಚೂರುಗಳು ಎರಡು ಮೂರು ಘಟಕಗಳಷ್ಟೇ ಚಿಕ್ಕವು, ಕೆಲವು ನೂರಾರು ಘಟಕಗಳಷ್ಟು ದೊಡ್ಡವು. ಕಡಿದ ಚೂರುಗಳಲ್ಲಿ ಕೆಲವು ಅದೇ ಕಾವಿನಲ್ಲಿ ಮತ್ತೆ ಒಂದಕ್ಕೊಂದು ಬೆಸೆದುಕೊಂಡು ಮರದಲ್ಲಿ ಇಲ್ಲದಿದ್ದ ಹೊಸ ಬಂಧಗಳನ್ನು ಕಟ್ಟಿಕೊಂಡಿರುತ್ತವೆ. ಇವುಗಳ ಜೊತೆಗೆ ಸಕ್ಕರೆಯ ಸರಪಳಿಯ ತುಣುಕುಗಳು, ಗಂಧಕ, ಬೂದಿ. ಈ ಬೆರಕೆಯ ಮಟ್ಟವನ್ನು ಒಂದು ಸಂಖ್ಯೆಯಲ್ಲಿ ಹೇಳುವ ಕ್ರಮವಿದೆ. ಉದಾಹರಣೆಗೆ 500 ಅಣುತೂಕದ ಒಂಬತ್ತು ಅಣುಗಳೂ 10,000 ಅಣುತೂಕದ ಒಂದು ಅಣುವೂ ಇರುವ ಗುಂಪನ್ನು ತೆಗೆದುಕೊಂಡರೆ, ಒಟ್ಟು ತೂಕವನ್ನು ತಲೆಯೆಣಿಕೆಯಿಂದ ಭಾಗಿಸಿದ ಸರಾಸರಿ 1,450 ಆಗುತ್ತದೆ. ಪ್ರತಿಯೊಂದು ಅಣುವಿಗೂ ಅದರ ತೂಕಕ್ಕೆ ತಕ್ಕ ಮಾನ್ಯತೆ ಕೊಟ್ಟು ಲೆಕ್ಕ ಹಾಕಿದ ಸರಾಸರಿ ಸುಮಾರು 7,050 ಆಗುತ್ತದೆ. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದಾಗ ಬರುವ 4.9 ಎಂಬುದು ಆ ಗುಂಪಿನ ಚದುರುವಿಕೆಯ ಅಳತೆ. ಎಲ್ಲ ಅಣುಗಳೂ ಒಂದೇ ಗಾತ್ರದವಾಗಿದ್ದರೆ ಈ ಸಂಖ್ಯೆ 1 ಆಗಿರುತ್ತದೆ. ಸರಾಸರಿ ಮಾತ್ರ ತಿಳಿದರೆ ಏನೂ ತಿಳಿದಂತಾಗುವುದಿಲ್ಲವೆಂಬುದಕ್ಕೆ ಈ ಉದಾಹರಣೆಯೇ ಸಾಕ್ಷಿ, ಏಕೆಂದರೆ 1,450 ತೂಗುವ ಅಣು ಆ ಗುಂಪಿನಲ್ಲಿ ಒಂದೂ ಇಲ್ಲ.

ಬೆರಕೆಗೆ ಬೆಲೆ ಕಡಿಮೆ ಎಂಬುದು ಹೊಗೆಸೊಪ್ಪು ಬೆಳೆಯುವ ಸೀಮೆಯಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾದ ಸಂಗತಿಯಲ್ಲ. ಒಂದೇ ಹೊಲದ ಒಂದೇ ಗಿಡದಲ್ಲಿಯೂ ಬುಡದ ಎಲೆ, ನಡುವಿನ ಎಲೆ, ತುದಿಯ ಎಲೆ ಬೇರೆ ಬೇರೆ ಗುಣದವು. ಬೇಯಿಸಿದ ಮೇಲೆ ಮನೆಮಂದಿಯೆಲ್ಲ ಕೂತು ಬಣ್ಣ, ದಪ್ಪ, ಕಲೆ ನೋಡಿ ಎಲೆಗಳನ್ನು ವಿಂಗಡಿಸಿ ಬೇರೆ ಬೇರೆ ಬೇಲ್ ಕಟ್ಟಿದರೆ ಮಾತ್ರ ಕಟ್ಟೆಮಳಲವಾಡಿಯ ಅಥವಾ ಕಂಪಲಾಪುರದ ಹರಾಜಿನಲ್ಲಿ ಒಳ್ಳೆಯ ಸೊಪ್ಪಿಗೆ ಒಳ್ಳೆಯ ಬೆಲೆ ಕೂಗುತ್ತಾರೆ. ಎಲ್ಲವನ್ನೂ ಒಂದೇ ಬೇಲಿನಲ್ಲಿ ತುಂಬಿದರೆ ಒಳಗಿರುವ ಒಳ್ಳೆಯ ಎಲೆಯೂ ಕಳಪೆ ಎಲೆಯ ಬೆಲೆಗೆ ಇಳಿಯುತ್ತದೆ. ಲಿಗ್ನಿನ್ನಿನ ಸ್ಥಿತಿಯೂ ಇದೇ. ಅಂಟು ತಯಾರಿಸುವವನಿಗೆ ಚುರುಕಾಗಿ ವರ್ತಿಸುವ ಸಣ್ಣ ಅಣು ಬೇಕು, ಇಂಗಾಲದ ನಾರು ಎಳೆಯುವವನಿಗೆ ಬಿಸಿಯಲ್ಲಿ ಹದವಾಗಿ ಮೆದುವಾಗುವ, ಬೂದಿಯಿಲ್ಲದ, ಒಂದೇ ಗಾತ್ರದ ಅಣು ಬೇಕು. ಇಬ್ಬರ ಮುಂದೆಯೂ ಕಾರ್ಖಾನೆ ಇಡುವುದು ಒಂದೇ ಬೆರಕೆ ಪುಡಿ, ಅದೂ ಈ ತಿಂಗಳು ಒಂದು ತರಹ, ಮುಂದಿನ ತಿಂಗಳು ಇನ್ನೊಂದು ತರಹ. ಲಿಗ್ನಿನ್ ಕೀಳು ವಸ್ತುವೆಂಬ ಹೆಸರು ಪಡೆದದ್ದು ಅದರ ಗುಣದಿಂದಲ್ಲ, ವಿಂಗಡಣೆಯಾಗದೆ ಉಳಿದದ್ದರಿಂದ.

ಎಲೆಯನ್ನು ಕಣ್ಣು ಮತ್ತು ಕೈ ವಿಂಗಡಿಸುತ್ತವೆ. ಅಣುಗಳನ್ನು ವಿಂಗಡಿಸುವ ಕೆಲಸ ದ್ರಾವಕಗಳದು. ವಸ್ತುವೊಂದು ದ್ರವದಲ್ಲಿ ಕರಗಬೇಕಾದರೆ ಅದರ ಅಣುಗಳು ತಮ್ಮತಮ್ಮಲ್ಲಿ ಇಟ್ಟುಕೊಂಡ ಹಿಡಿತವನ್ನು ಸಡಿಲಿಸಿ ದ್ರವದ ಅಣುಗಳ ಜೊತೆ ಹಿಡಿತ ಬೆಳೆಸಬೇಕು. ಲಿಗ್ನಿನ್ನಿನಲ್ಲಿ ಈ ಒಳಹಿಡಿತ ಎರಡು ಬಗೆಯದು: ಚಪ್ಪಟೆಯಾದ ಉಂಗುರಗಳು ಒಂದರ ಮೇಲೊಂದು ಅಂಟಿಕೊಳ್ಳುವುದು, ಹೈಡ್ರಾಕ್ಸಿಲ್ ಗುಂಪುಗಳು ಪರಸ್ಪರ ಹೈಡ್ರೋಜನ್ ಬಂಧದಿಂದ ಕೈಹಿಡಿಯುವುದು. ಸಣ್ಣ ಅಣುವಿಗೆ ಬಿಡಿಸಿಕೊಳ್ಳಬೇಕಾದ ಹಿಡಿತಗಳು ಕೆಲವೇ, ಬಿಡುಗಡೆಯಾದ ಮೇಲೆ ದ್ರವದಲ್ಲಿ ಎಲ್ಲೆಂದರಲ್ಲಿ ಅಲೆಯುವ ಸ್ವಾತಂತ್ರ್ಯ ಹೆಚ್ಚು. ದೊಡ್ಡ ಅಣುವಿಗೆ ಹಿಡಿತಗಳು ನೂರಾರು, ಸಿಗುವ ಸ್ವಾತಂತ್ರ್ಯ ಅದರ ಗಾತ್ರಕ್ಕೆ ಹೋಲಿಸಿದರೆ ಅಲ್ಪ. ಆದ್ದರಿಂದ ದುರ್ಬಲ ದ್ರಾವಕ ಸಣ್ಣ ಅಣುಗಳನ್ನಷ್ಟೇ ಎಳೆದುಕೊಳ್ಳಬಲ್ಲದು, ಸಮರ್ಥ ದ್ರಾವಕ ದೊಡ್ಡವನ್ನೂ ಎಳೆಯಬಲ್ಲದು. ಯಾವ ದ್ರಾವಕ ಎಷ್ಟು ಸಮರ್ಥ ಎಂಬುದಕ್ಕೆ ಅಮೆರಿಕದ ಕಾನ್ರಾಡ್ ಶೂರ್ಕ್ ಅವರು 1952ರಲ್ಲಿ ಒಂದು ಒಳನೋಟ ಕೊಟ್ಟರು: ದ್ರವದ ಅಣುಗಳ ನಡುವಿನ ಸೆಳೆತವನ್ನು ಅಳೆಯುವ ಕರಗುವಿಕೆಯ ಮಾನಕವು ಲಿಗ್ನಿನ್ನಿನ ಮಾನಕಕ್ಕೆ ಹತ್ತಿರವಿರಬೇಕು, ಜೊತೆಗೆ ಆ ದ್ರವಕ್ಕೆ ಹೈಡ್ರೋಜನ್ ಬಂಧ ಕಟ್ಟುವ ಶಕ್ತಿಯೂ ಇರಬೇಕು. ಎರಡರಲ್ಲಿ ಒಂದು ತಪ್ಪಿದರೂ ಲಿಗ್ನಿನ್ ಉಬ್ಬುತ್ತದೆಯೇ ಹೊರತು ಚೆನ್ನಾಗಿ ಕರಗುವುದಿಲ್ಲ.

ಈ ತತ್ವವನ್ನು ಸರಣಿಯಾಗಿ ಬಳಸಿದ ಕೆಲಸಗಳಲ್ಲಿ 1986ರಲ್ಲಿ ಮೋರ್ಕ್ ಮತ್ತು ಅವರ ಸಂಗಡಿಗರು ಪ್ರಕಟಿಸಿದ್ದು ಹೆಸರಾದುದು. ಅವರು ಡೈಕ್ಲೋರೋಮೀಥೇನ್, ಪ್ರೊಪನಾಲ್, ಮೆಥನಾಲ್ ಹೀಗೆ ಒಂದಾದ ಮೇಲೊಂದು ದ್ರಾವಕದಿಂದ ಕ್ರಾಫ್ಟ್ ಲಿಗ್ನಿನ್ನನ್ನು ತೊಳೆದು ಪಾಲುಪಾಲಾಗಿ ಬಿಡಿಸಿದರು. ಕ್ಲೋರಿನ್ ಇರುವ ದ್ರಾವಕಗಳು ಆರೋಗ್ಯಕ್ಕೂ ಪರಿಸರಕ್ಕೂ ಕೇಡು ಎಂಬ ಅರಿವು ಬೆಳೆದಂತೆ ಸೌಮ್ಯ ದ್ರಾವಕಗಳ ಹುಡುಕಾಟ ನಡೆದು, 2016ರಲ್ಲಿ ಸ್ಟಾಕ್‌ಹೋಮಿನ ಕೆಟಿಎಚ್ ಸಂಸ್ಥೆಯ ಸಂಶೋಧಕರು ಈಥೈಲ್ ಅಸಿಟೇಟ್, ಎಥನಾಲ್, ಮೆಥನಾಲ್, ಅಸಿಟೋನ್ ಎಂಬ ನಾಲ್ಕು ಸಾಮಾನ್ಯ ದ್ರಾವಕಗಳ ಸರಣಿಯನ್ನು ಮುಂದಿಟ್ಟರು.

ಪ್ರಯೋಗಶಾಲೆಯಲ್ಲಿ ಈ ಕೆಲಸ ನೋಡುವುದಕ್ಕೆ ಬಲು ಸರಳ. ಒಣಗಿಸಿದ ಕಂದು ಪುಡಿಯನ್ನು ಗಾಜಿನ ಪಾತ್ರೆಗೆ ಹಾಕಿ, ಉಗುರುಬಣ್ಣ ಅಳಿಸುವ ದ್ರವದ ವಾಸನೆಯನ್ನು ನೆನಪಿಸುವ ಈಥೈಲ್ ಅಸಿಟೇಟನ್ನು ಸುರಿದು ಕಲಕುತ್ತ ಬಿಟ್ಟರೆ, ನೀರಿನಂತೆ ತಿಳಿಯಾಗಿದ್ದ ದ್ರವ ಬಣ್ಣ ಕಟ್ಟಿಕೊಳ್ಳುತ್ತದೆ, ಪುಡಿಯ ಹೆಚ್ಚಿನ ಭಾಗ ತಳದಲ್ಲಿಯೇ ಉಳಿಯುತ್ತದೆ. ಸೋಸಿ ತೆಗೆದ ದ್ರವವನ್ನು ಆವಿಯಾಗಿಸಿದಾಗ ಪಾತ್ರೆಯ ಗೋಡೆಗೆ ಅಂಟಿಕೊಂಡು ಉಳಿಯುವುದು ಮೊದಲ ಪಾಲು. ಸೋಸುಕಾಗದದ ಮೇಲಿನ ಪುಡಿಗೆ ಎಥನಾಲ್, ಅದರ ಶೇಷಕ್ಕೆ ಮೆಥನಾಲ್, ಅದರ ಶೇಷಕ್ಕೆ ಅಸಿಟೋನ್. ಪ್ರತಿ ಸಲವೂ ಕಲಕುವುದು, ಸೋಸುವುದು, ಆವಿಯಾಗಿಸುವುದು. ಈ ಕ್ರಮವನ್ನು ಹಿಂದುಮುಂದು ಮಾಡುವಂತಿಲ್ಲ. ಮೊದಲೇ ಅಸಿಟೋನ್ ಸುರಿದರೆ ಅದು ಚಿಕ್ಕದು ದೊಡ್ಡದೆನ್ನದೆ ತನ್ನಿಂದಾದಷ್ಟನ್ನೂ ಒಟ್ಟಿಗೆ ಕರಗಿಸಿಕೊಳ್ಳುತ್ತದೆ. ದೊಡ್ಡ ಕಣ್ಣಿನ ಜರಡಿಯನ್ನು ಮೊದಲು ಹಿಡಿದರೆ ನುಚ್ಚೂ ಕಾಳೂ ಒಟ್ಟಿಗೆ ಇಳಿದುಹೋಗುವಂತೆ.

ಹೀಗೆ ಸಿಕ್ಕ ಪಾಲುಗಳು ಗಾತ್ರದಲ್ಲಷ್ಟೇ ಬೇರೆಯಾಗಿರುವುದಿಲ್ಲ. ಸೂಕ್ಷ್ಮರಂಧ್ರಗಳ ಮಣಿಗಳು ತುಂಬಿದ ಕೊಳವೆಯ ಮೂಲಕ ಹಾಯಿಸಿ ಅಣುಗಾತ್ರವನ್ನು ಅಳೆದಾಗ, ಮೊದಲ ಪಾಲಿನಲ್ಲಿ ಅತಿ ಚಿಕ್ಕ ಅಣುಗಳೂ ಕೊನೆಯ ಪಾಲುಗಳಲ್ಲಿ ದೊಡ್ಡ ಅಣುಗಳೂ ಸಿಗುತ್ತವೆ, ಮೊದಲ ಪಾಲುಗಳ ಚದುರುವಿಕೆಯ ಸಂಖ್ಯೆ ಮೂಲ ಪುಡಿಯದಕ್ಕಿಂತ ಸ್ಪಷ್ಟವಾಗಿ ಇಳಿದಿರುತ್ತದೆ. ಹೈಡ್ರಾಕ್ಸಿಲ್ ಗುಂಪುಗಳಿಗೆ ರಂಜಕದ ಪರಮಾಣುವನ್ನು ಗುರುತಿನ ಚೀಟಿಯಂತೆ ಅಂಟಿಸಿ ಕಾಂತೀಯ ಅನುರಣನದ ಉಪಕರಣದಲ್ಲಿ ಎಣಿಸಿದಾಗ ಇನ್ನೊಂದು ವ್ಯತ್ಯಾಸ ಬೆಳಕಿಗೆ ಬರುತ್ತದೆ. ಬೇಯಿಸುವಾಗ ಹೆಚ್ಚು ಕಡಿತಕ್ಕೆ ಒಳಗಾದ ಅಣುವೇ ಚಿಕ್ಕದಾಗಿರುವುದರಿಂದ, ಕಡಿದಲ್ಲಿ ಮೂಡುವ ಫೀನಾಲಿಕ್ ಹೈಡ್ರಾಕ್ಸಿಲ್ ಗುಂಪುಗಳು ಗ್ರಾಂ ಒಂದಕ್ಕೆ ಮೊದಲ ಪಾಲಿನಲ್ಲಿಯೇ ಹೆಚ್ಚು. ಮರದಲ್ಲಿದ್ದ ಮೂಲ ರಚನೆಯ ಗುರುತಾದ ಪಕ್ಕದ ಸರಪಳಿಯ ಹೈಡ್ರಾಕ್ಸಿಲ್ ಗುಂಪುಗಳು ದೊಡ್ಡ ಅಣುಗಳ ಪಾಲಿನಲ್ಲಿ ಹೆಚ್ಚು. ಅಂದರೆ ದ್ರಾವಕಗಳು ಗಾತ್ರದ ಜೊತೆಗೆ ಆ ಅಣು ಕಾರ್ಖಾನೆಯಲ್ಲಿ ಕಂಡ ಪಾಡಿನ ಚರಿತ್ರೆಯನ್ನೂ ವಿಂಗಡಿಸಿಕೊಡುತ್ತವೆ. ಗಾಜಿನಂತೆ ಗಡುಸಾಗಿರುವ ಪಾಲಿಮರ್ ಮೆದುವಾಗತೊಡಗುವ ಉಷ್ಣತೆಯೂ ಮೊದಲ ಪಾಲಿನಿಂದ ಕೊನೆಯ ಪಾಲಿಗೆ ಏರುತ್ತ ಹೋಗುತ್ತದೆ.

ಬಳಕೆಯ ದಾರಿಗಳು ಇಲ್ಲಿಂದ ಕವಲೊಡೆಯುತ್ತವೆ. ಫೀನಾಲಿಕ್ ಗುಂಪುಗಳು ದಟ್ಟವಾಗಿರುವ ಸಣ್ಣ ಅಣುಗಳ ಪಾಲು, ಎಣ್ಣೆ ಮತ್ತು ಪ್ಲಾಸ್ಟಿಕ್ ಗಾಳಿಗೆ ಕೆಡದಂತೆ ತಡೆಯುವ ವಸ್ತುವಾಗಿಯೂ, ಪ್ಲೈವುಡ್ ಹಾಳೆಗಳನ್ನು ಅಂಟಿಸುವ ಫೀನಾಲ್ ಫಾರ್ಮಾಲ್ಡಿಹೈಡ್ ಅಂಟಿನಲ್ಲಿ ಫೀನಾಲಿನ ಬದಲಿಯಾಗಿಯೂ ಒದಗಬಲ್ಲದು. ಪ್ಲೈವುಡ್ ಅಂಟಿನ ಈ ಬದಲಾವಣೆ ಕನ್ನಡ ನಾಡಿಗೆ ಹೊಸ ವಿಷಯವೇನಲ್ಲ; ಬೆಂಗಳೂರಿನ ಭಾರತೀಯ ಪ್ಲೈವುಡ್ ಉದ್ದಿಮೆಗಳ ಸಂಶೋಧನೆ ಮತ್ತು ತರಬೇತಿ ಸಂಸ್ಥೆಯಲ್ಲಿ ಲಿಗ್ನಿನ್, ಗೇರು ಸಿಪ್ಪೆಯ ಎಣ್ಣೆ ಮೊದಲಾದವುಗಳಿಂದ ಫೀನಾಲಿನ ಒಂದು ಭಾಗವನ್ನು ಬದಲಿಸುವ ಪ್ರಯೋಗಗಳು ನಡೆದಿವೆ. ವಿಂಗಡಿಸದ ಲಿಗ್ನಿನ್ ಬಳಸಿದಾಗ ಅಂಟು ಗಟ್ಟಿಯಾಗಲು ಹೆಚ್ಚು ಹೊತ್ತು ಹಿಡಿಯುವುದು ಇಂಥ ಪ್ರಯತ್ನಗಳ ಸಾಮಾನ್ಯ ತೊಡಕು, ಏಕೆಂದರೆ ದೊಡ್ಡ ಅಣುಗಳ ಒಳಗೆ ಅಡಗಿದ ಉಂಗುರಗಳಿಗೆ ಫಾರ್ಮಾಲ್ಡಿಹೈಡ್ ತಲುಪುವುದು ಕಷ್ಟ. ನೀಲಗಿರಿಯಂಥ ಮರದ ಲಿಗ್ನಿನ್ನಿನಲ್ಲಿ ಇನ್ನೊಂದು ಅಡಚಣೆಯಿದೆ: ಎರಡು ಮೀಥಾಕ್ಸಿಲ್ ಇರುವ ಘಟಕದಲ್ಲಿ ಫಾರ್ಮಾಲ್ಡಿಹೈಡ್ ಬಂದು ಕೂರಬೇಕಾದ ಎರಡು ಜಾಗಗಳೂ ಮೊದಲೇ ಭರ್ತಿಯಾಗಿರುತ್ತವೆ. ದ್ರಾವಕ ಗಾತ್ರದ ತೊಡಕನ್ನು ನಿವಾರಿಸಬಲ್ಲದು, ಈ ಎರಡನೆಯದನ್ನು ನಿವಾರಿಸಲಾರದು; ಅದನ್ನು ನಿರ್ಧರಿಸಿದ್ದು ಮರ.

ದ್ರಾವಕದ ವಿಂಗಡಣೆಗೆ ಪ್ರತಿಸ್ಪರ್ಧಿಗಳೂ ಇವೆ. ಕಪ್ಪು ದ್ರಾವಣದ ಕ್ಷಾರತೆಯನ್ನು ಹಂತಹಂತವಾಗಿ ಇಳಿಸಿದರೆ ದೊಡ್ಡ ಅಣುಗಳು ಮೊದಲು, ಚಿಕ್ಕವು ಆಮೇಲೆ ಗಸಿಯಾಗುತ್ತವೆ. ಪಿಂಗಾಣಿಯ ಸೂಕ್ಷ್ಮಜಾಲರಿಯ ಮೂಲಕ ಒತ್ತಡದಿಂದ ಸೋಸಿದರೂ ಚಿಕ್ಕವು ದಾಟಿ ದೊಡ್ಡವು ಉಳಿಯುತ್ತವೆ. ಒಂದೇ ದ್ರಾವಕದಿಂದ ಕೆಲಸ ಮುಗಿಸುವ ಜಾಣ ಉಪಾಯವೂ ಇದೆ. ಶುದ್ಧ ಅಸಿಟೋನಿಗಿಂತ ಸ್ವಲ್ಪ ನೀರು ಬೆರೆತ ಅಸಿಟೋನ್ ಹೆಚ್ಚು ಲಿಗ್ನಿನ್ನನ್ನು ಕರಗಿಸುತ್ತದೆ. ಹೀಗೆ ಕರಗಿಸಿಟ್ಟ ದ್ರಾವಣಕ್ಕೆ ಮತ್ತಷ್ಟು ನೀರನ್ನು ಮೆಲ್ಲಮೆಲ್ಲನೆ ಸೇರಿಸುತ್ತ ಹೋದರೆ ದೊಡ್ಡ ಅಣುಗಳು ಮೊದಲು ಒಗ್ಗದೆ ಹೊರಬೀಳುತ್ತವೆ. ನಾಲ್ಕು ದ್ರಾವಕಗಳಿಗೆ ನಾಲ್ಕು ತೊಟ್ಟಿ, ನಾಲ್ಕು ಬಟ್ಟಿ ಇಳಿಸುವ ಗೋಪುರ ಕಟ್ಟುವುದಕ್ಕಿಂತ ಇದು ಕಾರ್ಖಾನೆಗೆ ಹೆಚ್ಚು ಒಗ್ಗುತ್ತದೆಂಬುದು ಹೌದಾದರೂ, ಕೊನೆಗೆ ಅಸಿಟೋನನ್ನು ಅಷ್ಟೊಂದು ನೀರಿನಿಂದ ಬಿಡಿಸಬೇಕಾದ ಹೊರೆ ಉಳಿಯುತ್ತದೆ.

ಎಲ್ಲ ವಿಧಾನಗಳೂ ಬಂದು ನಿಲ್ಲುವುದು ಈ ಹೊರೆಯ ಮುಂದೆಯೇ. ಒಂದು ಕಿಲೋ ಲಿಗ್ನಿನ್ನಿಗೆ ಹಲವು ಲೀಟರ್ ದ್ರಾವಕ ಬೇಕು, ಬಳಸಿದ್ದನ್ನು ಬಹುತೇಕ ಪೂರ್ತಿಯಾಗಿ ಮರಳಿ ಪಡೆಯದಿದ್ದರೆ ಲೆಕ್ಕ ಕೂಡುವುದಿಲ್ಲ. ಅಸಿಟೋನ್ 56 ಡಿಗ್ರಿಯಲ್ಲಿ, ಮೆಥನಾಲ್ 65ರಲ್ಲಿ, ಈಥೈಲ್ ಅಸಿಟೇಟ್ 77ರಲ್ಲಿ, ಎಥನಾಲ್ 78ರಲ್ಲಿ ಕುದಿಯುವುದರಿಂದ ಕಾರ್ಖಾನೆಯಲ್ಲಿ ಹೇಗೂ ಮಿಕ್ಕುವ ಕಡಿಮೆ ಕಾವಿನ ಹಬೆ ಈ ಕೆಲಸಕ್ಕೆ ಸಾಕಾಗುತ್ತದೆ ಎಂಬುದೊಂದು ಅನುಕೂಲ. ನಾಲ್ಕರಲ್ಲಿ ಮೆಥನಾಲ್ ವಿಷ, ಕುಡಿದರೆ ಕಣ್ಣು ಹೋಗುತ್ತದೆ. ನಾಲ್ಕೂ ಬೇಗ ಬೆಂಕಿ ಹತ್ತುವಂಥವು. ಮಂಡ್ಯ, ಮೈಸೂರು ಜಿಲ್ಲೆಗಳಂಥ ಕಬ್ಬಿನ ಸೀಮೆಯಲ್ಲಿ ಸಕ್ಕರೆ ಕಾರ್ಖಾನೆಯ ಕಾಕಂಬಿಯಿಂದ ಎಥನಾಲ್ ಸಿಗುತ್ತದೆ, ಆ ಎಥನಾಲಿನಿಂದಲೇ ಈಥೈಲ್ ಅಸಿಟೇಟನ್ನೂ ತಯಾರಿಸಬಹುದು. ನಾಲ್ಕು ದ್ರಾವಕಗಳ ಸರಣಿಯಲ್ಲಿ ಮೊದಲ ಎರಡಕ್ಕೆ ಗದ್ದೆಯೇ ಮೂಲವಾಗಬಲ್ಲದೆಂಬುದನ್ನು ಇಲ್ಲಿನ ಯೋಜಕರು ಗಮನಿಸುವುದು ಒಳ್ಳೆಯದು.

ನಾಲ್ಕೂ ದ್ರಾವಕಗಳು ಹಾದುಹೋದ ಮೇಲೆಯೂ ಸೋಸುಕಾಗದದ ಮೇಲೆ ಕಡುಕಂದು ಪುಡಿಯೊಂದು ಉಳಿದೇ ಇರುತ್ತದೆ. ಅತಿ ದೊಡ್ಡ ಅಣುಗಳು, ಲಿಗ್ನಿನ್ನಿಗೆ ರಾಸಾಯನಿಕವಾಗಿ ಬೆಸೆದುಕೊಂಡೇ ಬಂದ ಸಕ್ಕರೆಯ ಸರಪಳಿಗಳು, ಬೂದಿಯ ಲವಣಗಳು ಅಲ್ಲಿ ಒಟ್ಟುಗೂಡಿರುತ್ತವೆ, ಹಾಗೆ ಒಟ್ಟುಗೂಡಿರುವುದರಿಂದಲೇ ಉಳಿದ ಪಾಲುಗಳು ಅಷ್ಟು ಶುಚಿಯಾಗಿ ಹೊರಬಂದಿರುತ್ತವೆ. ಈ ಶೇಷವನ್ನು ಕಪ್ಪು ದ್ರಾವಣಕ್ಕೇ ಮರಳಿ ಬೆರೆಸಿದರೆ ಅದು ಎಂದಿನಂತೆ ರಿಕವರಿ ಬಾಯ್ಲರ್ ಸೇರಿ ಉರಿಯುತ್ತದೆ, ಅದರಲ್ಲಿದ್ದ ಸೋಡಿಯಂ ಕುಲುಮೆಯ ತಳದಲ್ಲಿ ಕರಗಿ ಮುಂದಿನ ಚಕ್ಕೆಗಳನ್ನು ಬೇಯಿಸಲು ಹಿಂತಿರುಗುತ್ತದೆ.